ಮಳೆ ಅಲ್ಲಿ, ಹೊಳೆ ಇಲ್ಲಿ

ಹವಾಮಾನ ಇಲಾಖೆಯ ನಕ್ಷೆಯಲ್ಲಿ ಬಾಗಲಕೋಟೆ ಜಿಲ್ಲೆಗೆ ಹಸಿರು ಬಣ್ಣವಿದೆ, ಅಂದರೆ ಭಾರಿ ಮಳೆಯ ಎಚ್ಚರಿಕೆ ಇಲ್ಲ ಎಂದ ಮಾತ್ರಕ್ಕೆ ಹೊಳೆದಂಡೆಯ ಜನ ನಿಶ್ಚಿಂತೆಯಿಂದ ಮಲಗುವಂತಿಲ್ಲ. ಆ ಬಣ್ಣ ನಮ್ಮ ಮೇಲೆ ಬೀಳುವ ಮಳೆಯನ್ನಷ್ಟೇ ಹೇಳುತ್ತದೆ; ಆದರೆ ನಮ್ಮ ಮನೆಗೆ ನುಗ್ಗುವ ನೀರು ಬಹುಪಾಲು ಮಹಾಬಳೇಶ್ವರ, ಕೊಯ್ನಾ, ಆಂಬೋಲಿ, ಕಣಕುಂಬಿಯ ಘಟ್ಟಗಳಲ್ಲಿ ಬಿದ್ದದ್ದು.

ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವು ಒಡಿಶಾ ದಾಟಿ ಮಧ್ಯ ಭಾರತದತ್ತ ಸಾಗುವಾಗ ಅರಬ್ಬಿ ಸಮುದ್ರದ ಮೇಲಿನ ಪಶ್ಚಿಮದ ಗಾಳಿ ಬಲಗೊಳ್ಳುತ್ತದೆ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತಿ ವೇಗವಾಗಿ ಬೀಸುವ ಈ ತೇವದ ಗಾಳಿ ಸಹ್ಯಾದ್ರಿಗೆ ಅಡ್ಡ ಸಿಕ್ಕು ಮೇಲೇರಿ, ತಣಿದು, ಅಲ್ಲಿಯೇ ಸುರಿಯುತ್ತದೆ. ಗುಜರಾತಿನಿಂದ ಕೇರಳದವರೆಗೆ ಕರಾವಳಿಗುಂಟ ಕಡಿಮೆ ಒತ್ತಡದ ಪಟ್ಟಿಯೂ ಚಾಚಿಕೊಂಡಿದ್ದರೆ ಮಳೆ ದಿನಗಟ್ಟಲೆ ಬಿಡುವು ಕೊಡುವುದಿಲ್ಲ. ಘಟ್ಟ ಇಳಿದ ಗಾಳಿ ಒಣಗಿರುತ್ತದೆ. ಆದ್ದರಿಂದಲೇ ಮಹಾಬಳೇಶ್ವರಕ್ಕೆ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆಯಾದರೆ ನಮ್ಮ ಪಾಲಿಗೆ 600ರ ಆಸುಪಾಸು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೇ ಉಕ್ಕಿ ಗೋಕಾಕದ ಪೇಟೆಗೂ ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿದ್ದು ಹೀಗೆ.

2009ರ ಲೆಕ್ಕವೇ ಬೇರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಆಕಾಶವೇ ನಮ್ಮ ಮೇಲೆ ಹರಿದುಬಿದ್ದು ಮಣ್ಣಿನ ಮಾಳಿಗೆಯ ಮನೆಗಳು ಕುಸಿದವು. ಆ ಬಗೆಯ ಮಳೆಗೆ ಬಣ್ಣದ ಮುನ್ನೆಚ್ಚರಿಕೆ ಸರಿಹೋಗುತ್ತದೆ. ಘಟ್ಟದಿಂದ ಬರುವ ನೆರೆಗೆ ಅದು ಸಾಲದು. ಆ ನೀರು ನಮ್ಮನ್ನು ಮುಟ್ಟಲು ತೆಗೆದುಕೊಳ್ಳುವ ಹೊತ್ತೇ ನಮಗಿರುವ ದೊಡ್ಡ ಅನುಕೂಲ, ಅದನ್ನೇ ನಾವು ವ್ಯರ್ಥ ಮಾಡುತ್ತೇವೆ.

ಕೇಂದ್ರ ಜಲ ಆಯೋಗ ನದಿಮಟ್ಟದ ಮುನ್ಸೂಚನೆ ಕೊಡುತ್ತದೆ, ಜಲಾಶಯಗಳ ಹೊರಹರಿವು ದಿನವೂ ಪ್ರಕಟವಾಗುತ್ತದೆ. ಆದರೆ ಜಮಖಂಡಿಯ ಕಬ್ಬಿನ ರೈತನಿಗೆ 'ಒಂದು ಲಕ್ಷ ಕ್ಯೂಸೆಕ್' (ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು) ಎಂದರೆ ಏನು ತಿಳಿಯಬೇಕು? ಹೊಳೆಗೆ ಕೂಡಿಸಿದ ಮೋಟಾರು ಬಿಚ್ಚಿ, ಕೇಬಲ್ ಸುತ್ತಿ, ಪೈಪುಗಳನ್ನು ಕಳಚಿ ದಂಡೆ ಹತ್ತಿಸಲು ನಾಲ್ಕಾಳಿಗೆ ಅರ್ಧ ದಿನ ಹಿಡಿಯುತ್ತದೆ. ನೇಕಾರರಿಗೆ ಮಗ್ಗದ ಗುಂಡಿಯಿಂದ ನೂಲು ಎತ್ತುವುದೂ ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ. ಅವರಿಗೆ ಬೇಕಾದದ್ದು 'ನಾಳೆ ಸಂಜೆಯೊಳಗೆ ನಿಮ್ಮೂರ ಸೇತುವೆ ಮುಳುಗುತ್ತದೆ, ನೀರು ಹನುಮಪ್ಪನ ಗುಡಿಯ ಕಟ್ಟೆ ಮುಟ್ಟುತ್ತದೆ' ಎಂಬ ಮಾತು. (ಡಂಗುರದವನು ಹಗಲಲ್ಲೇ ಸಾರಲಿ, ನಡುರಾತ್ರಿಯ ಎಸ್‌ಎಂಎಸ್ ಯಾರು ಓದುತ್ತಾರೆ?) ಹಿಂದಿನ ನೆರೆಗಳ ಗುರುತು ಪ್ರತಿ ಊರಿನ ಗೋಡೆಗಳ ಮೇಲೆ ಇನ್ನೂ ಇದೆ, ಅದನ್ನು ಅಳೆದು, ಎಷ್ಟು ಹೊರಹರಿವಿಗೆ ಯಾವ ಓಣಿ ಮುಳುಗುತ್ತದೆ ಎಂಬ ಪಟ್ಟಿ ಮಾಡಿ, ಮುಂಗಾರಿಗೆ ಮೊದಲೇ ಗ್ರಾಮ ಪಂಚಾಯ್ತಿಯ ಗೋಡೆಗೆ ಬರೆಸಬೇಕು.