ಮಂಗಳವಾರದ ಮ್ಯೂಸಿಯಂ

ಅಪ್ಪ ಅಮ್ಮ ಮೈಸೂರಿನಿಂದ ಮ್ಯೂನಿಕ್‌ಗೆ ನಮ್ಮ ಮನೆಗೆ ಬರುವುದು ಖಾತ್ರಿಯಾದ ದಿನವೇ ನಾನು ಎಕ್ಸೆಲ್ ತೆರೆದು ಕೂತೆ. ಜೂನ್ ಮೊದಲ ವಾರ ಇಟಲಿಯ ಫ್ಲಾರೆನ್ಸ್. ನಾಲ್ಕು ಜನ, ಸೋಮವಾರ ಮತ್ತು ಮಂಗಳವಾರ ಎರಡು ದಿನ, ಏಳು ಕಾಲಂ. ಏಳನೇ ಕಾಲಂ ಹೆಸರು 'ಅಮ್ಮನ ಕಾಫಿ'. ನನ್ನ ಗಂಡ ಅದನ್ನು ನೋಡಿ, "ನಮ್ಮ ಮದುವೆಗೂ ನೀನು ಇಷ್ಟು ಪ್ಲಾನ್ ಮಾಡಿರಲಿಲ್ಲ" ಎಂದ. ನಿಜ. ಮದುವೆಗೆ ಆನ್‌ಲೈನ್ ಟಿಕೆಟ್ ಬೇಕಿರಲಿಲ್ಲ.

ನನಗೆ ನೋಡಬೇಕಿದ್ದದ್ದು ಮುಖ್ಯವಾಗಿ ಒಂದೇ. ಅಲ್ಲಿನ ದೊಡ್ಡ ಕೆಥೆಡ್ರಲ್‌ನ ಹಿಂಭಾಗಕ್ಕೆ ಇರುವ ಮ್ಯೂಸಿಯಂ. ಹೆಸರು 'ಮ್ಯೂಸಿಯೊ ದೆಲ್ ಒಪೆರಾ ದೆಲ್ ದುವೊಮೊ'. ವಿಡಿಯೊ ಕಾಲ್‌ನಲ್ಲಿ ಹೇಳಿದ ಕೂಡಲೇ ಅಮ್ಮನ ಮುಖ ಸಣ್ಣಗಾಯಿತು.

"ಒಪೆರಾನಾ? ಗಂಟಲು ಹರಿಯೋ ಹಾಗೆ ಹಾಡ್ತಾರಲ್ಲ, ಅದಾ? ನನಗೆ ತಲೆನೋವು ಬರತ್ತೆ ಕಣೇ."

"ಅಲ್ಲಮ್ಮ, ಇಟಾಲಿಯನ್‌ನಲ್ಲಿ ಒಪೆರಾ ಅಂದ್ರೆ ಕೆಲಸ. ಕಾಮಗಾರಿ. ಕೆಥೆಡ್ರಲ್ ಕಟ್ಟಿಸೋಕೆ ಅಂತ 1296ರಲ್ಲಿ ಮಾಡಿಕೊಂಡ ಕಾಮಗಾರಿ ಕಚೇರಿ ಅದು. ಇವತ್ತಿಗೂ ಇದೆ."

'ಕಾಮಗಾರಿ' ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಪೇಪರಿನ ಹಿಂದಿದ್ದ ಅಪ್ಪ ಹೊರಗೆ ಬಂದರು. ಅವರು ಮೂವತ್ತು ವರ್ಷ ಸೇತುವೆ, ಕಾಲುವೆ ಕಟ್ಟಿಸಿ ರಿಟೈರ್ ಆದವರು. "ಇನ್ನೂ ಮುಗಿದಿಲ್ವಾ?" ಎಂದು ಕೇಳಿದರು. ಮುಂಭಾಗದ ಗೋಡೆ ಪೂರ್ತಿಯಾದದ್ದೇ 1887ರಲ್ಲಿ ಎಂದೆ. ಅಪ್ಪನಿಗೆ ಆ ಊರಿನ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ಗುಮ್ಮಟವನ್ನು ಬ್ರುನೆಲ್ಲೆಸ್ಕಿ ಎನ್ನುವವನು 1420ರಿಂದ 1436ರೊಳಗೆ ಎಬ್ಬಿಸಿದ, ಅದೂ ನೆಲದಿಂದ ಸೆಂಟ್ರಿಂಗ್ ಹೊಡೆಯದೆ, ಎಂದಾಗ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಸೆಂಟ್ರಿಂಗ್ ಇಲ್ಲದೇನಾ? ಹೇಗೆ ನಿಂತಿತು?" ಅವನ ಕಾಲದ ರಾಟೆ, ಹಗ್ಗ, ಮರದ ಮಾದರಿ ಎಲ್ಲ ಮ್ಯೂಸಿಯಂನಲ್ಲೇ ಇವೆ ಎಂದೆ. ಅಲ್ಲಿಂದ ಮುಂದೆ ಆ ಮ್ಯೂಸಿಯಂ ನನಗಿಂತ ಜಾಸ್ತಿ ಅಪ್ಪನದಾಯಿತು.

ಟಿಕೆಟ್ ಮೂರು ಥರ. ನಮ್ಮ ಹೋಟೆಲಿನ ಮಿನಿ ಮೀಲ್ಸ್, ಪ್ಲೇಟ್ ಮೀಲ್ಸ್, ಫುಲ್ ಮೀಲ್ಸ್ ಇದ್ದ ಹಾಗೆ. ಗಿಬರ್ಟಿ ಪಾಸ್ ತಗೊಂಡರೆ ಮ್ಯೂಸಿಯಂ, ಕೆಥೆಡ್ರಲ್ ಎದುರಿನ ಬ್ಯಾಪ್ಟಿಸ್ಟ್ರಿ ಎನ್ನುವ ದೀಕ್ಷಾಸ್ನಾನದ ಕಟ್ಟಡ, ಕೆಥೆಡ್ರಲ್ ನೆಲದಡಿಯ ಹಳೇ ಚರ್ಚು. ಜೊತ್ತೊ ಪಾಸಿಗೆ ಗಂಟೆ ಗೋಪುರವೂ ಸೇರುತ್ತದೆ. ಬ್ರುನೆಲ್ಲೆಸ್ಕಿ ಪಾಸ್ ಎಂದರೆ ಗುಮ್ಮಟವೂ ಸೇರಿ ಪೂರ್ತಿ ಊಟ. 463 ಮೆಟ್ಟಿಲು, ಲಿಫ್ಟ್ ಇಲ್ಲ. ಪಾಸ್ ಮೂರು ದಿನ ನಡೆಯುತ್ತದೆ. ಗುಮ್ಮಟಕ್ಕೆ ಮಾತ್ರ ದಿನ, ಹೊತ್ತು ಮೊದಲೇ ಹೇಳಬೇಕು. ಒಮ್ಮೆ ಹೇಳಿದರೆ ಹೇಳಿದ ಹಾಗೆ. ಅಪ್ಪ ಅಮ್ಮನಿಗೆ ಚಿಕ್ಕ ಪಾಸ್, ನಮಗಿಬ್ಬರಿಗೆ ದೊಡ್ಡದು ಅಂತ ಆಯಿತು. ಸೋಮವಾರ ಮ್ಯೂಸಿಯಂ, ಮಂಗಳವಾರ ಮಧ್ಯಾಹ್ನ 3:30ಕ್ಕೆ ಗುಮ್ಮಟ. ಕಾರ್ಡ್ ನಂಬರ್ ಹಾಕುವುದೊಂದು ಬಾಕಿ.

"ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ" ಎಂದರು ಅಮ್ಮ, ಫೋನಿನಿಂದ.

"ಇಟಲಿಯಲ್ಲೂನಾ ಅಮ್ಮ?"

"ರಾಹುಗೆ ವೀಸಾ ಬೇಕಾ?"

ಇದಕ್ಕೆ ಉತ್ತರ ಇರಲಿಲ್ಲ. ಮಗಳು ಅಳಿಯ 463 ಮೆಟ್ಟಿಲು ರಾಹುಕಾಲದಲ್ಲಿ ಹತ್ತುತ್ತಾರೆ ಎಂದು ಅಮ್ಮ ಕೆಳಗೆ ಕೂತು ಕೊರಗುವುದು ಬೇಡ ಎನಿಸಿತು. ಸುಮ್ನೆ ಅದಲು ಬದಲು ಮಾಡಿದೆ. ಗುಮ್ಮಟ ಸೋಮವಾರ ಸಂಜೆ, ಮ್ಯೂಸಿಯಂ ಮಂಗಳವಾರ ಬೆಳಗ್ಗೆ. ಉಫಿಝಿಯಂಥ ದೊಡ್ಡ ಮ್ಯೂಸಿಯಂಗಳಿಗೆ ಸೋಮವಾರ ರಜೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಮಂಗಳವಾರವೇ ಕ್ಷೇಮ ಎಂದು ಬೆನ್ನನ್ನೂ ತಟ್ಟಿಕೊಂಡೆ.

ಮ್ಯೂಸಿಯಂಗೆ ಅಂತಲೇ ಬೇರೆ ಶೀಟ್ ಮಾಡಿದೆ. ಬ್ಯಾಪ್ಟಿಸ್ಟ್ರಿಗೆ ಅಂತ ಶಿಲ್ಪಿ ಗಿಬರ್ಟಿ ಮಾಡಿದ, ಚಿನ್ನದ ನೀರು ಕೊಟ್ಟ ಕಂಚಿನ ಬಾಗಿಲಿಗೆ 30 ನಿಮಿಷ. 27 ವರ್ಷ ಕೂತು 1452ರಲ್ಲಿ ಮುಗಿಸಿದ್ದಾನೆ, ನಾವು ಅರ್ಧ ಗಂಟೆಯಾದರೂ ನಿಲ್ಲಬೇಡವೇ? ಡೊನಾಟೆಲ್ಲೊ ಕೆತ್ತಿದ ಬೋಳುತಲೆ ಪ್ರವಾದಿಗೆ 5 ನಿಮಿಷ. ಊರಿನವರು ಅವನಿಗೆ 'ತ್ಸುಕ್ಕೋನೆ' ಎಂದು ಹೆಸರಿಟ್ಟಿದ್ದಾರೆ, ಕುಂಬಳಕಾಯಿ ತಲೆ ಅಂತ. ಮೈಕೆಲೆಂಜೆಲೊನ ಪಿಯೆತಾಗೆ, ಅಂದರೆ ಸತ್ತ ಏಸುವನ್ನು ತಾಯಿ ಮತ್ತಿತರರು ಹಿಡಿದುಕೊಂಡಿರುವ ಶಿಲ್ಪಕ್ಕೆ, 20 ನಿಮಿಷ. ತನ್ನ ಸಮಾಧಿಗೇ ಅಂತ ಎಪ್ಪತ್ತು ದಾಟಿದ ಮೇಲೆ ಕೆತ್ತುತ್ತಿದ್ದ ಶಿಲ್ಪ. ಮನಸ್ಸಿಗೆ ಬರದೆ ಒಂದು ದಿನ ಸುತ್ತಿಗೆ ತಗೊಂಡು ತಾನೇ ಒಡೆದ. ಏಸುವಿನ ಒಂದು ಕಾಲು ಈಗಲೂ ಇಲ್ಲ. ಇದನ್ನು ಓದಿ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೆಲಸ ಸರಿ ಆಗಲಿಲ್ಲ ಅಂತ ತಾನೇ ಒಡೆದ ಕಂಟ್ರಾಕ್ಟರ್‌ನ ನಾನು ಒಬ್ಬನನ್ನೂ ನೋಡಲಿಲ್ಲವಲ್ಲೇ" ಎಂದರು.

ಸೋಮವಾರ ಎಲ್ಲ ಸುಸೂತ್ರ. ಭುಜ, ಮಂಡಿ ಮುಚ್ಚಿರಬೇಕೆಂಬ ನಿಯಮಕ್ಕೆ ನನ್ನ ಗಂಡನ ಚಡ್ಡಿ ತೊಡಕಾಯಿತು. ಅಮ್ಮನ ಸೀರೆ ಸೆರಗು ಹೊದ್ದುಕೊಂಡು ಸಲೀಸಾಗಿ ಒಳಗೆ ಹೋಯಿತು. ಗುಮ್ಮಟ ಹತ್ತಿ ಇಳಿದ ಮೇಲೆ ಒಂದು ರಾತ್ರಿಯಿಡೀ ನನ್ನ ಮಂಡಿಗಳು ನನ್ನ ಜೊತೆ ಮಾತು ಬಿಟ್ಟವು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಮ್ಯೂಸಿಯಂ ಮುಂದೆ ನಿಂತೆವು. ಕ್ಯೂ ಇಲ್ಲ. "ನೋಡಿದ್ರಾ, ಬೇಗ ಬಂದಿದ್ದರ ಲಾಭ" ಎಂದೆ. ಬಾಗಿಲು ಹಾಕಿತ್ತು. ಪಕ್ಕದಲ್ಲಿ ಒಂದು ಹಾಳೆ. 'ಪ್ರಿಮೊ ಮಾರ್ತೆದಿ ದೆಲ್ ಮೆಸೆ' ಎಂದು ಏನೋ ಇತ್ತು.

"ಮಾರ್ಚ್ ಒಂದನೇ ತಾರೀಖು ರಜೆ ಅಂತಿರಬೇಕು" ಎಂದ ಗಂಡ. ಅವನಿಗೆ ಧೈರ್ಯ ಜಾಸ್ತಿ.

ಅಪ್ಪ ಹಾಳೆಗೆ ಮೂಗು ತಾಗಿಸಿ ಓದಿದರು. "ಮಾರ್ತೆ ಅಂದ್ರೆ ಮಾರ್ಸ್. ಮಾರ್ಸ್ ಅಂದ್ರೆ ಮಂಗಳ. ಮಾರ್ತೆದಿ ಅಂದ್ರೆ ಮಂಗಳವಾರ ಕಣಮ್ಮ. ಪ್ರಿಮೊ ಅಂದ್ರೆ ಮೊದಲನೇದು." ತಿಂಗಳ ಮೊದಲ ಮಂಗಳವಾರ ಮ್ಯೂಸಿಯಂಗೆ ರಜೆ. ನಾವು ಬಂದದ್ದು ಜೂನ್ ಮೊದಲ ವಾರ. ಏಳು ಕಾಲಂನಲ್ಲಿ 'ರಜೆ' ಎಂಬ ಕಾಲಂ ಇರಲಿಲ್ಲ.

"ನಾನು ಹೇಳಲಿಲ್ವಾ, ಮಂಗಳವಾರ ಬೇಡ ಅಂತ" ಎಂದರು ಅಮ್ಮ. ಅವರು ಹೇಳಿದ್ದು ಅದಲ್ಲ. ಆದರೆ ಆ ಹೊತ್ತಿನಲ್ಲಿ ವಾದ ಮಾಡುವ ಶಕ್ತಿ ನನ್ನ ಮಂಡಿಗಾಗಲೀ ಬಾಯಿಗಾಗಲೀ ಇರಲಿಲ್ಲ.

ಬ್ಯಾಪ್ಟಿಸ್ಟ್ರಿ ಕಡೆಗೆ ನಡೆದೆವು. ಅಲ್ಲಿ ಬಾಗಿಲು ಥಳಥಳ ಹೊಳೆಯುತ್ತಿತ್ತು, ಹತ್ತು ಹಲಗೆಗಳೂ ಇದ್ದವು, ಜನ ಮುಗಿಬಿದ್ದು ಫೋಟೊ ತೆಗೆಯುತ್ತಿದ್ದರು. ಅದು ನಕಲು. 1966ರ ಪ್ರವಾಹದಲ್ಲಿ ಕೆಲವು ಹಲಗೆ ಕಿತ್ತು ಬಿದ್ದ ಅಸಲಿ ಬಾಗಿಲು ರಿಪೇರಿಯಾಗಿ, ನಾವು ಈಗಷ್ಟೇ ಬೆನ್ನು ತಿರುಗಿಸಿ ಬಂದ ಕಟ್ಟಡದೊಳಗೆ ಗಾಜಿನ ಹಿಂದೆ ಇದೆ. ನನ್ನ ಮುಖ ನೋಡಿ ಅಮ್ಮನಿಗೂ ಪಾಪ ಅನಿಸಿರಬೇಕು. "ಮೂಲ ವಿಗ್ರಹ ಒಳಗಿದೆ, ಇದು ಉತ್ಸವಮೂರ್ತಿ ಅಂದುಕೊಳ್ಳೇ. ಗರ್ಭಗುಡಿ ಬಾಗಿಲು ಹಾಕಿದ ಮೇಲೆ ಇದಕ್ಕೇ ಕೈ ಮುಗಿಯೋದಲ್ವಾ?" ಎಂದು ಫೋಟೊ ತೆಗೆದು ಅಕ್ಕತಂಗಿಯರ ಗ್ರೂಪಿಗೆ ಕಳಿಸಿದರು. 'ಚಿನ್ನದ ಬಾಗಿಲು' ಅಂತ ಬರೆದರು. ನಕಲು ಅಂತ ಬರೆಯಲಿಲ್ಲ.

ಅಪ್ಪ ಮೆಟ್ಟಿಲ ಮೇಲೆ ಕೂತು ಪಾಸಿನ ಪ್ರಿಂಟ್ ಹಿಂದೆ ಏನೋ ಲೆಕ್ಕ ಬರೆಯುತ್ತಿದ್ದರು. ಗುಮ್ಮಟದ ಭಾರ ಇರಬೇಕು ಎಂದುಕೊಂಡೆ.

"ಇಲ್ಲಿ ಸೂರ್ಯೋದಯ ಐದೂವರೆ. ಸೂರ್ಯಾಸ್ತ ಒಂಬತ್ತಕ್ಕೆ ಹತ್ತು ನಿಮಿಷ. ಹಗಲನ್ನ ಎಂಟು ಭಾಗ ಮಾಡು. ಮಂಗಳವಾರ ಏಳನೇ ಭಾಗ ರಾಹುಕಾಲ. ಅಂದ್ರೆ ಸಂಜೆ ಐದರಿಂದ ಹೆಚ್ಚುಕಡಿಮೆ ಏಳು." ಕನ್ನಡಕದ ಮೇಲಿಂದ ಅಮ್ಮನನ್ನು ನೋಡಿದರು. "ಮೂರೂವರೆಗೆ ಇಲ್ಲಿ ರಾಹುಕಾಲವೇ ಇಲ್ಲ."

ನಾನು ಅಮ್ಮನನ್ನು ನೋಡಿದೆ. ಗಂಡ ಆಕಾಶ ನೋಡಿದ. ಅಮ್ಮ ಒಂದಿಷ್ಟೂ ವಿಚಲಿತರಾಗದೆ ಸೆರಗು ಸರಿಮಾಡಿಕೊಂಡರು.

"ಪಾಸು ಮೂರು ದಿನ ಅಂದಿದ್ದಿ ಅಲ್ವೇ? ನಾಳೇನೂ ನಡೆಯತ್ತೆ."

"ಸಂಜೆ ರೈಲಿದೆ ಅಮ್ಮ. ಟಿಕೆಟ್ ದುಡ್ಡು ವಾಪಸ್ ಬರಲ್ಲ."

"ಬರದಿದ್ರೆ ಬಿಡು" ಎಂದು ಅಮ್ಮ ಅಪ್ಪನ ಕಡೆ ತಿರುಗಿದರು. "ರೀ, ಬುಧವಾರದ್ದೂ ಒಂದು ಲೆಕ್ಕ ಹಾಕಿ."