ಮೈಕಟ್ಟನ್ನು ದೂರುವುದು ಬಿಡಿ, ಮೊದಲು ಓಟವನ್ನು ಸರಿಯಾಗಿ ಅಳೆಯಿರಿ

ಪುರುಷರ 100 ಮೀಟರ್ ಫೈನಲ್ ಜಗತ್ತಿನ ಯಾವ ಊರಿನಲ್ಲೇ ನಡೆಯಲಿ, ಮರುದಿನ ನಮ್ಮ ಕಡೆ ಕೇಳಿಬರುವ ಮಾತು ಒಂದೇ: "ಅದು ನಮ್ಮವರ ಕೈಯಲ್ಲಿ ಆಗುವುದಲ್ಲ ಬಿಡಿ, ಅವರ ಮೈಕಟ್ಟೇ ಬೇರೆ." ಚಹದ ಅಂಗಡಿಯಲ್ಲಿ ಹೇಳುತ್ತಾರೆ, ಶಿಕ್ಷಕರ ಕೊಠಡಿಯಲ್ಲಿ ಹೇಳುತ್ತಾರೆ, ಬಹುಮಾನ ಹಂಚಲು ಬಂದ ಗಣ್ಯರು ಮೈಕಿನ ಮುಂದೆಯೇ ಹೇಳುತ್ತಾರೆ. ಬರಿಗಾಲಿನಲ್ಲಿ ಓಡಿ ಗೆದ್ದ ಹುಡುಗ ಪ್ರಮಾಣಪತ್ರ ಹಿಡಿದುಕೊಂಡು ಅಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಾನೆ. ಗದಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಮೈಕಟ್ಟೇ ಕಾರಣವೆಂದು ಒಪ್ಪಿಕೊಂಡರೆ ಶಾಲೆ, ಇಲಾಖೆ, ತರಬೇತುದಾರ, ಪಾಲಕ ಯಾರೂ ಏನನ್ನೂ ಮಾಡಬೇಕಾಗಿಲ್ಲ. ಆ ಮಾತು ಇಷ್ಟು ವರ್ಷ ಬದುಕಿರುವುದು ಅದಕ್ಕಾಗಿಯೇ.

ಚೀನಾದ ಸು ಬಿಂಗ್ಟಿಯಾನ್ ಅವರ ಎತ್ತರ 1.72 ಮೀಟರ್. ಗದಗದ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಅವರಿಗಿಂತ ಎತ್ತರದ ಹತ್ತಾರು ಹುಡುಗರು ಕಾಣುತ್ತಾರೆ. 2011ರಲ್ಲಿ ಅವರ ಅತ್ಯುತ್ತಮ ಸಮಯ 10.16 ಸೆಕೆಂಡ್. 2015ರಲ್ಲಿ 9.99. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ 9.83, ಅದು ಏಷ್ಯಾ ದಾಖಲೆ. ಮೊದಲ ಸಮಯಕ್ಕೂ ಕೊನೆಯ ಸಮಯಕ್ಕೂ ನಡುವೆ ಹತ್ತು ವರ್ಷ. ಈ ಹತ್ತು ವರ್ಷದಲ್ಲಿ ಅವರು ಎತ್ತರವಾಗಲಿಲ್ಲ, ವಂಶವೂ ಬದಲಾಗಲಿಲ್ಲ. ಓಟ ಶುರುಮಾಡುವಾಗ ಕಾಲೂರಿ ಚಿಮ್ಮುವ ಸ್ಟಾರ್ಟಿಂಗ್ ಬ್ಲಾಕಿನಲ್ಲಿ ಮುಂದಿಡುವ ಕಾಲನ್ನೇ ಬದಲಿಸಿ, ಚಿಕ್ಕಂದಿನಿಂದ ಮೈಗೆ ಹತ್ತಿದ್ದ ಅಭ್ಯಾಸವನ್ನು ಅಳಿಸಿ ಹೊಸದನ್ನು ಕಲಿತರು. ಬಳಿಕ ಅಮೆರಿಕದ ತರಬೇತುದಾರ ರ‍್ಯಾಂಡಿ ಹಂಟಿಂಗ್ಟನ್ ಜೊತೆ ಸೇರಿ ಒಂದೊಂದು ಹೆಜ್ಜೆಯನ್ನೂ ಅಳೆದು ತಿದ್ದಿಕೊಂಡರು. 31ನೇ ವಯಸ್ಸಿನಲ್ಲಿ ಜೀವನದ ಅತಿ ವೇಗದ ಓಟ ಓಡಿದರು. ವೇಗದ ಓಟವೂ ಒಂದು ಕಸುಬು, ಕಲಿತರೆ ಬರುತ್ತದೆ ಎಂದು ನಾನು ಹೇಳುವುದು ಇವರನ್ನು ನೋಡಿಯೇ.

ಇನ್ನು ಪ್ಯಾರಿಸ್. 2024ರ ಆಗಸ್ಟ್ 4ರ ಫೈನಲ್, ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಅಮೆರಿಕದ ನೋವಾ ಲೈಲ್ಸ್ ಗುಂಡಿನ ಸದ್ದಿಗೆ ಸ್ಪಂದಿಸಲು 0.178 ಸೆಕೆಂಡ್ ತೆಗೆದುಕೊಂಡರು. ಎಂಟು ಮಂದಿಯಲ್ಲಿ ಅದೇ ಅತಿ ನಿಧಾನ, ಬೋಟ್ಸ್ವಾನಾದ ಲೆಟ್ಸಿಲೆ ಟೆಬೋಗೊ ಅವರದೂ ಅಷ್ಟೇ. 30 ಮೀಟರ್ ಬಂದಾಗ ಲೈಲ್ಸ್ ಎಲ್ಲರಿಗಿಂತ ಹಿಂದಿದ್ದರು. ಗೆರೆಯ ಬಳಿ ಜಮೈಕಾದ ಕಿಶಾನ್ ಥಾಂಪ್ಸನ್ ಅವರ ಕಾಲು ಮುಂದಿತ್ತು. ಆದರೆ ಕಾಲು, ತಲೆ, ಕೈ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಮುಂಡ ಗೆರೆ ಮುಟ್ಟಬೇಕು. ಫಲಕದಲ್ಲಿ ಇಬ್ಬರಿಗೂ 9.79 ಎಂದೇ ಬಂತು. ಗೆರೆಯ ಬಳಿ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಲೈಲ್ಸ್ 9.784, ಥಾಂಪ್ಸನ್ 9.789. ಆ ವೇಗದಲ್ಲಿ ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದು ಭಾಗವೆಂದರೆ ಐದಾರು ಸೆಂಟಿಮೀಟರ್. ಎಂಟನೆಯವರಾಗಿ ಬಂದ ಓಬ್ಲಿಕ್ ಸೆವಿಲ್ ಕೂಡ 9.91ರಲ್ಲಿ ಓಡಿದ್ದರು. ಅಂದರೆ ಚಿನ್ನಕ್ಕೂ ಕೊನೆಯ ಸ್ಥಾನಕ್ಕೂ ನಡುವೆ 0.12 ಸೆಕೆಂಡ್. ಮರುವರ್ಷ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಸೆವಿಲ್ 9.77ರಲ್ಲಿ ಓಡಿ ಚಿನ್ನ ಗೆದ್ದರು, ಥಾಂಪ್ಸನ್ ಎರಡನೆಯವರು, ಲೈಲ್ಸ್ ಮೂರನೆಯವರು. ಕೊನೆಯವರು ಒಂದೇ ವರ್ಷದಲ್ಲಿ ಮೊದಲಿಗರಾಗುವ ಈ ಓಟದಲ್ಲಿ ಎಲ್ಲವೂ ನಿರ್ಧಾರವಾಗುವುದು ಅಳತೆಯ ಮೇಲೆ.

ನಮ್ಮಲ್ಲಿ ಅಳತೆ ಹೇಗಿದೆ ನೋಡಿ. ವಲಯ ಮಟ್ಟ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ನಡೆಯುವುದೇ ಮಳೆಗಾಲದಲ್ಲಿ. ಎರೆಮಣ್ಣಿನ ಮೈದಾನ ಒಣಗಿದ್ದರೆ ಬಿರುಕು, ನೆನೆದಿದ್ದರೆ ಅಂಗಾಲಿಗೆ ಮಣ್ಣು ಮೆತ್ತಿ ಹುಡುಗನ ಕಾಲು ಎರಡರಷ್ಟು ಭಾರ. ಸುಣ್ಣದ ಗೆರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿರುತ್ತದೆ. ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಸ್ಟಾಪ್‌ವಾಚ್. ಆರಂಭದಲ್ಲಿ ಒಬ್ಬರು ಎರಡು ಹಲಗೆಯ ಕ್ಲ್ಯಾಪರ್ ಬಡಿಯುತ್ತಾರೆ ಅಥವಾ ಸೀಟಿ ಊದುತ್ತಾರೆ, ನೂರು ಮೀಟರ್ ಆಚೆ ನಿಂತವರು ಸದ್ದು ಕೇಳಿ ಗುಂಡಿ ಒತ್ತುತ್ತಾರೆ. ಆ ಸದ್ದು ನೂರು ಮೀಟರ್ ಸಾಗಲು ಸುಮಾರು 0.29 ಸೆಕೆಂಡ್ ಬೇಕು. ಅಷ್ಟರಲ್ಲಿ ಹುಡುಗ ಓಡತೊಡಗಿರುತ್ತಾನೆ, ಗಡಿಯಾರ ಇನ್ನೂ ನಿಂತಿರುತ್ತದೆ. ಆರಂಭದ ಪಿಸ್ತೂಲಿನ ಹೊಗೆಯನ್ನೋ ಬೆಳಕನ್ನೋ ನೋಡಿ ಒತ್ತಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಹಾಗೆ ನೋಡಿ ಒತ್ತಿದರೂ ಬೆರಳು ತಡವಾಗುತ್ತದೆ. ಅದಕ್ಕಾಗಿಯೇ ಕೈಯಿಂದ ಒತ್ತುವ ಗಡಿಯಾರದ ಸಮಯವನ್ನು ಎಲೆಕ್ಟ್ರಾನಿಕ್ ಸಮಯದೊಂದಿಗೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವ ರೂಢಿ ಜಗತ್ತಿನಾದ್ಯಂತ ಇದೆ. ಎರಡೂ ಸೇರಿದರೆ ಅರ್ಧ ಸೆಕೆಂಡ್. ಪ್ಯಾರಿಸ್‌ನಲ್ಲಿ ಎಂಟು ಮಂದಿಯನ್ನು ಬೇರ್ಪಡಿಸಿದ ಅಂತರದ ನಾಲ್ಕು ಪಟ್ಟು ತಪ್ಪನ್ನು ನಾವು ಪ್ರಮಾಣಪತ್ರದಲ್ಲಿ ಬರೆದು ಮುದ್ರೆ ಒತ್ತಿ ಕೊಡುತ್ತಿದ್ದೇವೆ.

ಇದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ಶಾಲೆಯ ಒಬ್ಬ ಹುಡುಗ ಮೇಲಿನ ಹಂತದ ಕೂಟಕ್ಕೆ ಹೋದ. ಅಲ್ಲಿ ಎಲೆಕ್ಟ್ರಾನಿಕ್ ಗಡಿಯಾರ. ವಾಪಸ್ ಬಂದ ಮೇಲೆ ಅವನ ತಂದೆ ಹೊಲದಿಂದ ನೇರವಾಗಿ ಶಾಲೆಗೆ ಬಂದರು. "ಮಾಸ್ತರರೇ, ತಾಲ್ಲೂಕಿನಲ್ಲಿ 11.2 ಎಂದು ಬರೆದುಕೊಟ್ಟಿದ್ದರು. ಅಲ್ಲಿ 11.8 ಹೇಗಾಯಿತು? ನಮ್ಮ ಹುಡುಗ ಮೈಗಳ್ಳತನ ಮಾಡಿದನೇ?" ಎಂದು ಕೇಳಿದರು. "ಇಲ್ಲ ಯಜಮಾನರೇ, ಅವನು ಇಲ್ಲಿ ಹೇಗೆ ಓಡಿದ್ದನೋ ಅಲ್ಲಿಯೂ ಹಾಗೆಯೇ ಓಡಿದ್ದಾನೆ. ಇಲ್ಲಿನ ಗಡಿಯಾರ ತಪ್ಪಿತ್ತು" ಎಂದೆ. ಅವರು ಒಪ್ಪಿಕೊಂಡರು, ಹುಡುಗ ಒಪ್ಪಿಕೊಳ್ಳಲಿಲ್ಲ. ತಾನು ಎಲ್ಲೋ ಕಳಪೆಯಾದೆ ಎಂಬ ಅನುಮಾನ ಅವನಲ್ಲಿ ಉಳಿಯಿತು. ಮುಂದಿನ ವರ್ಷ ಅವನು ಮೈದಾನಕ್ಕೆ ಬರಲಿಲ್ಲ. 11.8 ಎಂದು ಮೊದಲೇ ತಿಳಿದಿದ್ದರೆ 11.7 ಅವನ ಗುರಿಯಾಗುತ್ತಿತ್ತು. ಸುಳ್ಳು 11.2 ಅವನ ಓಟವನ್ನು ಕೊಂದಿತು. ಹೊಗಳಲೆಂದು ಸಮಯವನ್ನು ಕಡಿಮೆ ಬರೆಯುವ ಸಹೋದ್ಯೋಗಿಗಳಿಗೆ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಗಾಳಿಯ ವಿಷಯವೂ ಇದೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ 100 ಮೀಟರ್ ಓಟದ ಸಮಯ ದಾಖಲೆಗೆ ಸಲ್ಲುವುದಿಲ್ಲ. ಅಷ್ಟು ಗಾಳಿ ಸುಮಾರು 0.1 ಸೆಕೆಂಡಿನ ಲಾಭ ಕೊಡುತ್ತದೆ. ಕಪ್ಪತಗುಡ್ಡದ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುವ ಜಿಲ್ಲೆ ನಮ್ಮದು. ಇಲ್ಲಿನ ಶಾಲಾ ಕೂಟಗಳಲ್ಲಿ ಗಾಳಿ ಅಳೆಯುವ ಉಪಕರಣವನ್ನು ನಾನು ಕಂಡಿಲ್ಲ.

ಅಳತೆಯ ಬಗ್ಗೆ ನಮಗಿರುವ ಅಸಡ್ಡೆ 2020ರ ಫೆಬ್ರುವರಿಯಲ್ಲಿ ಇಡೀ ದೇಶಕ್ಕೆ ಕಂಡಿತು. ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ 100 ಮೀಟರ್‌ಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ರ ವಿಶ್ವದಾಖಲೆಯೇ ಮುರಿಯಿತೆಂದು ಸುದ್ದಿ ಹಬ್ಬಿತು. ಕೋಣಗಳ ಎಳೆತ, ಕೆಸರು, ಓಟದ ಉದ್ದ ಯಾವುದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆ ಬಂದಾಗ ಗೌಡರೇ ಒಪ್ಪಲಿಲ್ಲ, ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬ ಅರಿವು ಅವರಿಗಿತ್ತು. ತಮ್ಮ ಕಲೆಯ ಬಗ್ಗೆ ಅವರಿಗಿದ್ದ ಆ ಗೌರವ ನನಗೆ ಬಹಳ ಹಿಡಿಸಿತು. ಇಂಥದೇ ಚುರುಕು ಕಾಲಿನ ಯುವಕರು ದೀಪಾವಳಿಯ ನಂತರ ಹಾವೇರಿ ಸೀಮೆಯ ಹೋರಿ ಹಬ್ಬಗಳಲ್ಲಿ ಕೊಬ್ಬರಿ ಹೋರಿಯ ಹಿಂದೆ ಓಡುವುದನ್ನು ನೋಡಿದ್ದೇನೆ. ಅವರನ್ನು ಟ್ರ್ಯಾಕಿಗೆ ಕರೆದು ನಿಲ್ಲಿಸಿ ಸಮಯ ತೆಗೆದವರು ಯಾರಾದರೂ ಇದ್ದಾರೆಯೇ?

ಎರಡನೆಯ ಕೊರತೆ ಆರಂಭದ್ದು. ಇಲ್ಲಿನ ಬಹಳ ಮಕ್ಕಳು ಸ್ಟಾರ್ಟಿಂಗ್ ಬ್ಲಾಕನ್ನು ಮೊದಲ ಸಲ ನೋಡುವುದೇ ದೊಡ್ಡ ಕೂಟದಲ್ಲಿ, ಅದೂ ತಮ್ಮ ಸರದಿ ಬಂದಾಗ. ಯಾವ ಕಾಲು ಮುಂದೆ, ಹಲಗೆ ಗೆರೆಯಿಂದ ಎಷ್ಟು ಹಿಂದೆ, ಸೊಂಟ ಎಷ್ಟು ಎತ್ತರ ಎಂಬುದೊಂದೂ ಗೊತ್ತಿರುವುದಿಲ್ಲ. ಕೆಲವರು ಬ್ಲಾಕನ್ನು ಪಕ್ಕಕ್ಕೆ ಸರಿಸಿ ನಿಂತೇ ಓಡುತ್ತಾರೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಬ್ಲಾಕಿಗೇ ಸಂವೇದಕ ಜೋಡಿಸಿರುತ್ತಾರೆ. ಗುಂಡು ಸಿಡಿದ 0.100 ಸೆಕೆಂಡಿಗೆ ಮುನ್ನ ಕಾಲು ಒತ್ತಿದರೆ ತಪ್ಪು ಆರಂಭ. 2010ರಿಂದ ಎರಡನೇ ಅವಕಾಶವಿಲ್ಲ. 2011ರಲ್ಲಿ ದಕ್ಷಿಣ ಕೊರಿಯಾದ ದೇಗುವಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೋಲ್ಟ್ ಅವರೇ ಹೊರಬಿದ್ದರು, 2025ರ ಟೋಕಿಯೊ ಫೈನಲ್‌ನಲ್ಲಿ ಟೆಬೋಗೊ ಹೊರಬಿದ್ದರು. ಅಷ್ಟು ಪಳಗಿದವರೇ ತಪ್ಪುವ ಜಾಗಕ್ಕೆ ನಮ್ಮ ಮಕ್ಕಳನ್ನು ಅಭ್ಯಾಸವೇ ಇಲ್ಲದೆ ಕಳುಹಿಸಿ, ಸೋತಾಗ ಮೈಕಟ್ಟಿನ ಮಾತಾಡುತ್ತೇವೆ.

ಜನಸಂಖ್ಯೆಯ ಲೆಕ್ಕವನ್ನೂ ನೋಡಿಬಿಡೋಣ. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯಲ್ಲಿ 18 ಲಕ್ಷ 47 ಸಾವಿರ, ಗದಗದಲ್ಲಿ 10 ಲಕ್ಷ 64 ಸಾವಿರ ಜನ. ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಜಮೈಕಾ. ಬೋಟ್ಸ್ವಾನಾದ ಜನಸಂಖ್ಯೆ ಅದಕ್ಕಿಂತಲೂ ಕಡಿಮೆ, ಸುಮಾರು 25 ಲಕ್ಷ. ಆ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟವರು ಪ್ಯಾರಿಸ್‌ನ 200 ಮೀಟರ್‌ನಲ್ಲಿ 19.46 ಓಡಿದ ಟೆಬೋಗೊ. ಜಮೈಕಾದಲ್ಲಿ ಬಾಲಕರ ಶಾಲಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ 1910ರಲ್ಲಿ ಆರಂಭವಾಯಿತು. ಇಂದು ಬಾಲಕ ಬಾಲಕಿಯರಿಬ್ಬರಿಗೂ ನಡೆಯುವ ಆ ಕೂಟಕ್ಕೆ ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣವೇ ತುಂಬುತ್ತದೆ, ಟಿವಿಯಲ್ಲಿ ನೇರ ಪ್ರಸಾರವಿರುತ್ತದೆ. ಬೋಲ್ಟ್ 2003ರಲ್ಲಿ ಶಾಲಾ ಬಾಲಕನಾಗಿ 200 ಮೀಟರನ್ನು 20.25ರಲ್ಲಿ ಓಡಿದ್ದು ಅಲ್ಲಿಯೇ. ಸಿಂಥೆಟಿಕ್ ಟ್ರ್ಯಾಕ್ ಇಲ್ಲದೆ ಏನೂ ಆಗದು ಎನ್ನುವವರಿಗೆ ಇನ್ನೊಂದು ಮಾತು: 9.77 ಮತ್ತು 9.74ರ ವಿಶ್ವದಾಖಲೆಗಳನ್ನು ಬರೆದ ಅಸಫಾ ಪೊವೆಲ್ ಅವರ ತಂಡ ಕಿಂಗ್‌ಸ್ಟನ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಹುಲ್ಲಿನ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುತ್ತಿತ್ತು. ಧಾರವಾಡದಲ್ಲಿ ಆರ್.ಎನ್. ಶೆಟ್ಟಿ ಕ್ರೀಡಾಂಗಣವಿದೆ, ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಹಳ್ಳಿಯ ಹುಡುಗ ಅಲ್ಲಿಯವರೆಗೆ ತಲುಪುವ ಮೊದಲೇ ಕೈಬಿಟ್ಟು ಹೋಗುತ್ತಿರುವುದು ನನ್ನ ಸಂಕಟ.

ಭಾರತ ನಿಂತಲ್ಲೇ ನಿಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ನಮ್ಮ ಕರ್ನಾಟಕದ ಮಣಿಕಂಠ ಹೋಬ್ಳಿದಾರ್ ಬೆಂಗಳೂರಿನಲ್ಲಿ 10.23 ಓಡಿ ರಾಷ್ಟ್ರೀಯ ದಾಖಲೆ ಬರೆದರು. 2025ರ ಮಾರ್ಚ್‌ನಲ್ಲಿ ಗುರಿಂದರ್‌ವೀರ್ ಸಿಂಗ್ ಅದನ್ನು 10.20ಕ್ಕೆ ಇಳಿಸಿದರು, ಅದೇ ವರ್ಷದ ಜುಲೈಯಲ್ಲಿ ಛತ್ತೀಸಗಢದ ಅನಿಮೇಶ್ ಕುಜೂರ್ ಗ್ರೀಸ್‌ನಲ್ಲಿ 10.18 ಓಡಿದರು. ಈ ಮೂವರೂ ಅಮ್ಲಾನ್ ಬೋರ್ಗೊಹೈನ್ ಜೊತೆ ಸೇರಿ ಚಂಡೀಗಢದಲ್ಲಿ 4x100 ಮೀಟರ್ ರಿಲೇಯನ್ನು 38.69ರಲ್ಲಿ ಮುಗಿಸಿದರು, ಅದೂ ರಾಷ್ಟ್ರೀಯ ದಾಖಲೆಯೇ. ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ 100 ಮೀಟರ್‌ನ ನೇರ ಅರ್ಹತೆ 10.00 ಆಗಿತ್ತು. 2011ರ ಸು ಬಿಂಗ್ಟಿಯಾನ್ ಅವರ 10.16ನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅನಿಮೇಶ್ ಅವರ ಮುಂದಿನ ದಾರಿ ನನಗೆ ಸ್ಪಷ್ಟವಾಗಿ ಕಾಣುತ್ತದೆ.

ಆ ದಾರಿಗೆ ಅಡ್ಡ ಬರುವುದು ಸೂಜಿ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಜ್ಯ ಕೂಟಕ್ಕೆ ಉದ್ದೀಪನ ಮದ್ದು ತಡೆ ಸಂಸ್ಥೆಯ ಅಧಿಕಾರಿಗಳು ಬಂದರೆಂದು ತಿಳಿದಾಗ ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಒಬ್ಬ. ಉಳಿದವರು ಬರಲೇ ಇಲ್ಲ. ಸಣ್ಣ ವಯಸ್ಸಿನಲ್ಲಿ ಸುಳ್ಳು ಸಮಯ ನಂಬಿದ ಹುಡುಗನಿಗೆ ಮುಂದೆ ನಿಜವಾದ ಗಡಿಯಾರ ಎದುರಾದಾಗ, ಕಳೆದುಹೋದ ಅರ್ಧ ಸೆಕೆಂಡನ್ನು ಪುಡಿಯಲ್ಲೋ ಸೂಜಿಯಲ್ಲೋ ಹುಡುಕುವ ಆಸೆ ಹುಟ್ಟುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಪಾಲಕರು ಮಕ್ಕಳ ಚೀಲದಲ್ಲಿರುವ ಡಬ್ಬಿಗಳನ್ನು ಕಣ್ಣಿಟ್ಟು ನೋಡಬೇಕು.

ಈ ವರ್ಷದ ಕೂಟಗಳಿಗೆ ಮೊದಲೇ ಮಾಡಬಹುದಾದ ಕೆಲಸ ಇದೆ, ಅದಕ್ಕೆ ಸರ್ಕಾರದ ಆದೇಶವೂ ಬೇಕಾಗಿಲ್ಲ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಈಗ ಹಲವರ ಜೇಬಿನಲ್ಲಿದೆ. ಅಂತಿಮ ಗೆರೆಯ ನೇರಕ್ಕೆ ಅದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕ್ಲ್ಯಾಪರಿನ ಎರಡು ಹಲಗೆ ಕೂಡುವುದು ಅಥವಾ ಬೆಳಕು ಮಿಂಚುವುದು ನಡುವೆ ನಿಲ್ಲಿಸದ ಅದೇ ವೀಡಿಯೊದಲ್ಲಿ ಸೆರೆಯಾಗುವಂತೆ ನೋಡಿಕೊಂಡರೆ, ಆಮೇಲೆ ಚಿತ್ರಗಳನ್ನು ಎಣಿಸಿ ಸಮಯ ತೆಗೆಯಬಹುದು. ಬೆರಳಿನ ಲೆಕ್ಕಕ್ಕಿಂತ ಅದು ಎಷ್ಟೋ ನಂಬಿಕೆಗೆ ಅರ್ಹ. ಬ್ಲಾಕ್ ಕೂಡ ದೊಡ್ಡ ಯಂತ್ರವಲ್ಲ. ಒಂದು ಕಬ್ಬಿಣದ ಪಟ್ಟಿ, ಹಿಂದೆ ಮುಂದೆ ಸರಿಸಬಹುದಾದ ಎರಡು ಓರೆ ಹಲಗೆ, ನೆಲಕ್ಕೆ ಊರುವ ಮೊಳೆಗಳು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಇದನ್ನು ಬೆಸೆದು ಕೊಡುವ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ದೊಡ್ಡ ದೊಡ್ಡ ಟ್ರೋಫಿ ಕೊಡುವ ಬದಲು ಎರಡು ಜೊತೆ ಬ್ಲಾಕ್ ಕೊಡಿಸಲಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ದೈಹಿಕ ಶಿಕ್ಷಕರಲ್ಲಿ ಯಾರಿಗಾದರೂ ಬ್ಲಾಕಿನ ಅಳತೆಯ ನಕ್ಷೆಯೋ, ಮೊಬೈಲಿನಲ್ಲಿ ಸಮಯ ತೆಗೆಯುವ ಕ್ರಮವೋ ಬೇಕಿದ್ದರೆ ನನಗೆ ಬರೆಯಿರಿ, ಕಳುಹಿಸಿಕೊಡುತ್ತೇನೆ. ಕೂಟದ ದಿನ ಸ್ಟ್ಯಾಂಡ್ ಹಿಡಿದು ನಿಲ್ಲಲು ಕರೆದರೂ ಬರುತ್ತೇನೆ.