ಎಣಿಸಿದರೆ ಹದಿನೈದು, ಕಂಪ್ಯೂಟರಿಗೆ ಹದಿನಾರು

ನಾನು ಕೆಲಸ ಮಾಡುತ್ತಿದ್ದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ. ಮೊಳೆ, ಪೈಪು, ಪೇಂಟು ಮಾರುವ ಹಾರ್ಡ್‌ವೇರ್. ನನಗೋ ನೆಟ್ಟಗೆ ಒಂದು ಮೊಳೆ ಹೊಡೆಯಲೂ ಬಾರದು. ನನ್ನ ಪಾಲಿಗಿದ್ದದ್ದು ಅಲ್ಲಿನ ಸಾಫ್ಟ್‌ವೇರ್.

ಕೌಂಟರಿನಲ್ಲಿ ಬಿಲ್ ಹಾಕುವ ಕಂಪ್ಯೂಟರ್ ಲಿನಕ್ಸ್, ಅದರೊಳಗೆ ಬಿಲ್ಲುಗಳನ್ನು ಕೂಡಿಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್. ದುಡ್ಡು ಕೊಡಬೇಕಾಗಿಲ್ಲ ಎಂಬ ಒಂದೇ ಮಾತಿಗೆ ಸಾಹುಕಾರರು ಅದನ್ನು ಒಪ್ಪಿದ್ದರು. ಒಳಕೋಣೆಯಲ್ಲಿ ಲೆಕ್ಕದ ರಾಯರು, ಅವರ ವಿಂಡೋಸ್, ಅದರ ಮೇಲೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ. ಮಹಡಿ ಮೇಲೆ ಸಾಹುಕಾರರ ಮಗ. ಅವನಿಗೆ ಮ್ಯಾಕ್ ಬಿಟ್ಟು ಬೇರೆಯದು ಕಣ್ಣಿಗೆ ಹಿಡಿಸುವುದಿಲ್ಲ.

"ಮೂರನ್ನೂ ಸೇರಿಸಿಬಿಡಿ" ಎಂದರು ಸಾಹುಕಾರರು. "ಅರ್ಧ ಇಂಚಿನ ಪೈಪಿಗೂ ಮುಕ್ಕಾಲು ಇಂಚಿನದಕ್ಕೂ ನಡುವೆ ಒಂದು ರೆಡ್ಯೂಸರ್ ಹಾಕಿದ್ರೆ ಆಯ್ತು, ಅಲ್ವಾ?"

ಕೇಳಲು ಸುಲಭವೇ. ಟ್ಯಾಲಿ 9000ನೇ ಪೋರ್ಟಿನಲ್ಲಿ, ಅಂದರೆ ಬೇರೆ ಕಂಪ್ಯೂಟರುಗಳು ಮಾತಾಡಿಸಲು ಇರುವ ಬಾಗಿಲಲ್ಲಿ, ಕಿವಿ ತೆರೆದು ಕೂತಿರುತ್ತದೆ. ಅಲ್ಲಿಗೆ ಎಕ್ಸ್‌ಎಂಎಲ್ ಎಂಬ ಬರಹದ ಮಾದರಿಯಲ್ಲಿ ಬಿಲ್ ಕಳಿಸಿದರೆ ಅದು ವೋಚರ್, ಅಂದರೆ ಲೆಕ್ಕದ ನಮೂದು, ಆಗುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆ ದಿನದ ಬಿಲ್ಲುಗಳೆಲ್ಲ ತಾವಾಗಿಯೇ ಹೋಗುವಂತೆ ಮಾಡಿಟ್ಟೆ. ಬೆಳಿಗ್ಗೆ ನೋಡಿದರೆ ಒಂದೂ ಹೋಗಿಲ್ಲ. ಮರುದಿನವೂ ಇಲ್ಲ. ನೆಟ್‌ವರ್ಕ್ ನೋಡಿದೆ, ಫೈರ್‌ವಾಲ್ ನೋಡಿದೆ, ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಕೊನೆಗೆ ಒಂದು ಸಂಜೆ ರಾಯರ ಎದುರು ಸುಮ್ನೆ ಕೂತೆ. ಆರು ಹೊಡೆಯಿತು. ರಾಯರು ಟ್ಯಾಲಿ ಮುಚ್ಚಿದರು, ಕಂಪ್ಯೂಟರ್ ಆರಿಸಿದರು, ಯುಪಿಎಸ್ ಸ್ವಿಚ್ ತೆಗೆದರು, ಪ್ಲಗ್ಗನ್ನೂ ಕಿತ್ತು ಸುತ್ತಿಟ್ಟರು. ಟ್ಯಾಲಿ ತೆರೆದಿಲ್ಲದಿದ್ದರೆ 9000ದಲ್ಲಿ ಕೇಳಿಸಿಕೊಳ್ಳುವವರು ಯಾರು?

"ರಾತ್ರಿಯೆಲ್ಲ ಆನ್ ಇರಲಿ ಸಾರ್" ಎಂದೆ.

"ಕರೆಂಟ್ ಬಿಲ್ ಯಾವ ಖಾತೆಗೆ ಹಾಕ್ಲಿ?" ಎಂದರು.

ಆಮೇಲೆ ಮೈನಸ್ ಗಲಾಟೆ. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್ ಮೊತ್ತಕ್ಕೆ ಮೈನಸ್ ಇರಬೇಕು. ಅದು ಅಲ್ಲಿನ ಪದ್ಧತಿ. ನನ್ನ ಫೈಲ್ ನೋಡಿದ ರಾಯರ ಮುಖ ಕೆಂಪಾಯಿತು. ಡೆಬಿಟ್ಟಿಗೆ ಮೈನಸ್ ಹಾಕುವವನ ಜೊತೆ ಕಾಫಿ ಕುಡಿಯುವುದನ್ನೂ ಕೆಲವು ದಿನ ಬಿಟ್ಟರು.

ಅವರು ಮತ್ತೆ ಮಾತಾಡಿದ್ದು ಜಿಎಸ್‌ಟಿ ನಂಬರಿನಿಂದಾಗಿ. ಜಿಎಸ್‌ಟಿ ನಂಬರಿಗೆ 15 ಅಕ್ಷರ, ನಮ್ಮ ರಾಜ್ಯದ್ದಾದರೆ 29ರಿಂದ ಶುರು. ರಾಯರು ವಿಂಡೋಸ್‌ನಲ್ಲಿ ಮಾಡಿಕೊಟ್ಟ ಪಾರ್ಟಿಗಳ ಪಟ್ಟಿಯನ್ನು ಲಿನಕ್ಸ್‌ಗೆ ಹಾಕಿದರೆ, 16 ಅಕ್ಷರ ಇದೆ ಎಂದು ಪ್ರೋಗ್ರಾಂ ಎಲ್ಲರನ್ನೂ ವಾಪಸ್ ಕಳಿಸಿತು. ರಾಯರು ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸಿದರು. ಹದಿನೈದೇ. ಇನ್ನೊಮ್ಮೆ ಎಣಿಸಿದರು. ಹದಿನೈದೇ.

ಹದಿನಾರನೆಯದು ಕಣ್ಣಿಗೆ ಕಾಣದ್ದು. ವಿಂಡೋಸ್ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ: ಕ್ಯಾರೇಜ್ ರಿಟರ್ನ್, ಲೈನ್ ಫೀಡ್. ಲಿನಕ್ಸ್‌ಗೆ ಎರಡನೆಯದು ಮಾತ್ರ ಸಾಕು. ಮಿಕ್ಕಿದ್ದು ಕೊನೆಯ ಕಾಲಮ್ಮಿಗೆ, ಅಂದರೆ ಜಿಎಸ್‌ಟಿ ನಂಬರಿಗೆ, ಅಂಟಿಕೊಂಡಿತ್ತು. ಇದನ್ನು ರಾಯರಿಗೆ ತಿಳಿಸಿ ಹೇಳುವುದು ಹೇಗಪ್ಪಾ ಎಂದು ಯೋಚಿಸುತ್ತಿದ್ದರೆ, ಕ್ಯಾರೇಜ್ ಎಂದ ಕೂಡಲೇ ಅವರ ಕಣ್ಣು ಅರಳಿತು. ಅವರು ಟೈಪ್‌ರೈಟಿಂಗ್ ಸೀನಿಯರ್ ಪಾಸು! "ಕ್ಯಾರೇಜ್ ಬಲಕ್ಕೆ ತಳ್ಳೋದು ಒಂದು, ಕಾಗದ ಮೇಲೆ ಸರಿಸೋದು ಇನ್ನೊಂದು. ಒಂದೇ ಮಾಡಿದ್ರೆ ಸಾಲು ಹೆಂಗಯ್ಯಾ ಬದಲಾಗುತ್ತೆ? ನಿನ್ನ ಲಿನಕ್ಸೇ ಅರ್ಧಂಬರ್ಧ ಕಲಿತಿರೋದು." ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಮಹಡಿಯಿಂದ ಇಳಿದು ಬಂದದ್ದು ತಾರೀಖಿನ ತಕರಾರು. ಸಾಹುಕಾರರ ಮಗ ಕಂಟ್ರಾಕ್ಟರುಗಳಿಗೆ ಕಳಿಸಿದ ಮಾಲಿನ ಬಿಲ್ಲುಗಳನ್ನು ಎಕ್ಸೆಲ್‌ನಲ್ಲಿ ಬರೆದಿಡುತ್ತಿದ್ದ. ಫೈಲ್ ಬಹಳ ಹಳೆಯದು. ಎಕ್ಸೆಲ್‌ಗೆ ತಾರೀಖೆಂದರೆ ಒಳಗೆ ಬರೀ ದಿನಗಳ ಎಣಿಕೆ. ಆ ಕಾಲದ ಮ್ಯಾಕ್ ಎಕ್ಸೆಲ್ ದಿನಗಳನ್ನು 1904ರಿಂದ ಎಣಿಸುತ್ತಿತ್ತು, ವಿಂಡೋಸ್‌ನದು 1900ರಿಂದ. ಮ್ಯಾಕ್‌ನದರಿಂದ ವಿಂಡೋಸ್‌ನದಕ್ಕೆ ಕಾಪಿ ಹೊಡೆದರೆ 1462 ದಿನ ಹಿಂದೆ. ಹಾಗಾಗಿ 2021ರ ಜೂನ್ 14ರ ಬಿಲ್ಲು ರಾಯರ ಹಾಳೆಯಲ್ಲಿ 2017ರ ಜೂನ್ 13 ಆಗಿ ಕೂತಿತು. ದೇಶಕ್ಕೆ ಜಿಎಸ್‌ಟಿ ಬಂದದ್ದು ಆ ವರ್ಷದ ಜುಲೈ 1ಕ್ಕೆ. ನಾವು 18 ದಿನ ಮೊದಲೇ ವಸೂಲಿ ಶುರು ಮಾಡಿದ್ದೆವು.

"ಆಗ ಇದ್ದದ್ದು ವ್ಯಾಟು. ಇದಕ್ಕೆ ಯಾವ ರಿಟರ್ನ್ ಹಾಕ್ಲಿ?" ಎಂದು ರಾಯರು ಕೂಗಿದರು.

"ನನ್ನ ಸ್ಕ್ರೀನಲ್ಲಿ ಸರಿಯಾಗೇ ಕಾಣ್ತಿದೆಯಲ್ಲ ರಾಯರೇ" ಎಂದ ಹುಡುಗ.

"ಹಾಗಾದ್ರೆ ಆಡಿಟ್ ದಿನ ಆ ಸ್ಕ್ರೀನನ್ನೇ ಹೊತ್ಕೊಂಡು ಆಡಿಟರ್ ಹತ್ರ ಹೋಗಪ್ಪಾ. ನಾನು ರಜ."